ಶೆಫೀಲ್ಡ್ ಎಫ್‌ಸಿ ನೋಡಲು ಹೋಗುವವರು ಶನಿವಾರವೇ ಹೋಗಿ

ಫುಟ್‌ಬಾಲ್ ಹುಚ್ಚಿರುವ ನಮ್ಮವರು ಇಂಗ್ಲೆಂಡಿಗೆ ಹೋದರೆ ಓಲ್ಡ್ ಟ್ರಾಫರ್ಡ್, ಆನ್‌ಫೀಲ್ಡ್‌ನಂಥ ದೊಡ್ಡ ಕ್ಲಬ್ಬುಗಳ ಮೈದಾನ ನೋಡದೆ ಬರುವುದಿಲ್ಲ. ಮೊದಲ ಸಲ ನಾನೂ ಅವೆರಡನ್ನೇ ನೋಡಿ ಬಂದಿದ್ದೆ. ಎರಡನೆಯ ಸಲ, ಮಗಳು ಓದುತ್ತಿದ್ದ ಮ್ಯಾಂಚೆಸ್ಟರಿನಲ್ಲಿ ಎರಡು ವಾರ ಉಳಿದಿದ್ದಾಗ, ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಶೆಫೀಲ್ಡ್‌ಗೆ ಹೋದೆ. ಇಂದಿಗೂ ಆಡುತ್ತಿರುವ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಜಗತ್ತಿಗೇ ಹಿರಿಯದು ಈ ಊರಿನದು. 1857ರ ಅಕ್ಟೋಬರ್ 24ರಂದು ಹುಟ್ಟಿದ ಶೆಫೀಲ್ಡ್ ಎಫ್‌ಸಿ ನಾನು ಹೋದಾಗ ಆಡುತ್ತಿದ್ದದ್ದು ಇಂಗ್ಲೆಂಡಿನ ಲೀಗ್ ಏಣಿಯ ಎಂಟನೆಯ ಮೆಟ್ಟಿಲಿನಲ್ಲಿ. ಊರಿನ ದೊಡ್ಡ ತಂಡಗಳಾದ ಯುನೈಟೆಡ್, ವೆನ್ಸ್‌ಡೇಗಳ ಜೊತೆ ಇದನ್ನು ಬೆರೆಸಿಕೊಳ್ಳಬೇಡಿ. ಅವೆರಡೂ ಆಮೇಲೆ ಹುಟ್ಟಿದವು.

ಮೊದಲು ತಿಳಿದಿರಬೇಕಾದ ಸಂಗತಿ, ಶೆಫೀಲ್ಡ್ ಎಫ್‌ಸಿಯ ಮೈದಾನ ಶೆಫೀಲ್ಡ್‌ನಲ್ಲಿ ಇಲ್ಲ. ಎಷ್ಟೋ ವರ್ಷ ಒಂದು ಮೈದಾನದಿಂದ ಇನ್ನೊಂದಕ್ಕೆ ಬಾಡಿಗೆದಾರನಂತೆ ಅಲೆದ ಕ್ಲಬ್ಬು 2001ರಲ್ಲಿ ದಕ್ಷಿಣಕ್ಕಿರುವ ಡ್ರಾನ್‌ಫೀಲ್ಡ್ ಎಂಬ ಸಣ್ಣ ಪಟ್ಟಣದಲ್ಲಿ ನೆಲೆ ನಿಂತಿತು. ಅದು ಪಕ್ಕದ ಡರ್ಬಿಶೈರ್ ಜಿಲ್ಲೆ. ಶೆಫೀಲ್ಡ್ ನಿಲ್ದಾಣದಿಂದ ರೈಲಿನಲ್ಲಿ ಹತ್ತು ನಿಮಿಷದ ಆಸುಪಾಸು, ಇಳಿದ ಮೇಲೆ ಒಂದಿಷ್ಟು ನಡಿಗೆ. ಯಾರನ್ನಾದರೂ ದಾರಿ ಕೇಳುವಾಗ ಮೈದಾನದ ಹೆಸರು ಹೇಳಬೇಡಿ. ಪ್ರಾಯೋಜಕರು ಬದಲಾದಂತೆ ಅದೂ ಬದಲಾಗುತ್ತ ಬಂದಿದೆ. ಕೋಚ್ ಆ್ಯಂಡ್ ಹಾರ್ಸಸ್ ಪಬ್ ಎಲ್ಲಿ ಎಂದು ಕೇಳಿ. ಮೈದಾನ ಅದರ ಬೆನ್ನಿಗೇ ಇದೆ. ತವರೂರಿಗೆ ಮರಳಬೇಕೆಂಬ ಆಸೆ ಕ್ಲಬ್ಬಿನವರಿಗೆ ಇದ್ದೇ ಇದೆ. ಹಾಗಾಗಿ ಹೊರಡುವ ಮುನ್ನ ಪಂದ್ಯ ಎಲ್ಲಿ ಎಂಬುದನ್ನು ಅವರ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ.

ನಾನು ಇದನ್ನು ಕಲಿತದ್ದು ಒಂದು ದಿನ ಕಳೆದುಕೊಂಡ ಮೇಲೆ. ಮೊದಲು ಹೋದದ್ದು ಬುಧವಾರ. ಗೇಟಿಗೆ ಬೀಗ. ಗೋಡೆಯಾಚೆ ಹಸಿರು ಹುಲ್ಲು, ಖಾಲಿ ಗೋಲುಕಂಬಗಳು. ಬೇಲಿಯ ಸಂದಿನಿಂದ ಐದು ನಿಮಿಷ ನೋಡಿ ಹಿಂದಿರುಗಿದೆ. ದೊಡ್ಡ ಕ್ಲಬ್ಬುಗಳಲ್ಲಿ ಪಂದ್ಯವಿಲ್ಲದ ದಿನವೂ ಟಿಕೆಟ್ ಪಡೆದು ಒಳಗೆಲ್ಲ ಸುತ್ತಬಹುದು. ಇಲ್ಲಿ ಪಂದ್ಯವೇ ದರ್ಶನ. ಶನಿವಾರ ಮಧ್ಯಾಹ್ನ ಮೂರಕ್ಕೆ ತವರಿನ ಪಂದ್ಯ ಇದೆಯೇ ನೋಡಿಕೊಂಡು ಹೊರಡಿ. ಮಳೆಗಾಲ, ಚಳಿಗಾಲದಲ್ಲಿ ಬೆಳಿಗ್ಗೆ ಇನ್ನೊಮ್ಮೆ ವಿಚಾರಿಸಿ. ಮೈದಾನದಲ್ಲಿ ನೀರು ನಿಂತರೆ, ನೆಲ ಹಿಮಗಟ್ಟಿದರೆ ಪಂದ್ಯ ಮುಂದೆ ಹೋಗುತ್ತದೆ.

ಆ ಶನಿವಾರದ ಬೆಳಗನ್ನು ಸ್ಯಾಂಡಿಗೇಟ್‌ಗೆ ಮೀಸಲಿಡಿ ಎಂಬುದು ನನ್ನ ಒತ್ತಾಯ. ನಗರದ ಪಶ್ಚಿಮಕ್ಕೆ, ಕ್ರಾಸ್‌ಪೂಲ್ ಬಡಾವಣೆಯ ಎತ್ತರದಲ್ಲಿರುವ ಈ ಮೈದಾನ ಹ್ಯಾಲಮ್ ಎಫ್‌ಸಿಯದು. 51ನೇ ಸಂಖ್ಯೆಯ ಬಸ್ಸಿನಲ್ಲಿ ಹೋದೆ. 1804ರಿಂದ ಇಲ್ಲಿ ಕ್ರಿಕೆಟ್ ನಡೆಯುತ್ತಿತ್ತು. 1860ರಲ್ಲಿ ಹ್ಯಾಲಮ್ ಕ್ಲಬ್ಬು ಹುಟ್ಟಿತು. ಆ ವರ್ಷದ ಡಿಸೆಂಬರ್ 26ರಂದು ಶೆಫೀಲ್ಡ್ ತಂಡ ಇಲ್ಲಿಗೆ ಬಂದು 2-0ರಿಂದ ಗೆದ್ದಿತು. ಎರಡು ಕ್ಲಬ್ಬುಗಳ ನಡುವೆ ನಡೆದ ಮೊದಲ ಪಂದ್ಯವೆಂದು ಚರಿತ್ರೆ ಗುರುತಿಸುವುದು ಅದನ್ನೇ. ಅದಕ್ಕೂ ಮುಂಚೆ ಶೆಫೀಲ್ಡಿನವರಿಗೆ ಎದುರಾಳಿ ಕ್ಲಬ್ಬೇ ಇರಲಿಲ್ಲ. ಮದುವೆಯಾದವರು ಒಂದು ಕಡೆ, ಆಗದವರು ಇನ್ನೊಂದು ಕಡೆ ನಿಂತು ತಮ್ಮತಮ್ಮಲ್ಲೇ ಆಡುತ್ತಿದ್ದರು! ಮೈದಾನದ ಒಂದು ಮೂಲೆಯಿಂದ ಇನ್ನೊಂದಕ್ಕೆ ಇಳಿಜಾರು ಎಷ್ಟಿದೆಯೆಂದರೆ ಬೇಲಿಯ ಬಳಿ ನಿಂತರೂ ಕಣ್ಣಿಗೆ ಹೊಡೆಯುತ್ತದೆ. ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಮೈದಾನವೆಂದು ಗಿನ್ನೆಸ್ ದಾಖಲೆ ಮನ್ನಿಸಿರುವ ಜಾಗದ ಸುತ್ತ ಇರುವುದು ಸಾಮಾನ್ಯ ಮನೆಗಳು, ಅಷ್ಟೇ. ನನಗೆ ಅಲ್ಲಿಂದ ಹೊರಡಲು ಮನಸ್ಸೇ ಬರಲಿಲ್ಲ.

ಶೆಫೀಲ್ಡ್ ಕ್ಲಬ್ಬನ್ನು ಕಟ್ಟಿದವರು ನಥಾನಿಯಲ್ ಕ್ರೆಸ್ವಿಕ್ ಮತ್ತು ವಿಲಿಯಂ ಪ್ರೆಸ್ಟ್ ಎಂಬಿಬ್ಬರು ಕ್ರಿಕೆಟ್ ಆಟಗಾರರು. ಗಿಡ ಬೆಳೆಸುವ ಗಾಜಿನ ಮನೆಯೇ ಅವರ ಮೊದಲ ಕಚೇರಿ. 1858ರಲ್ಲಿ ಅವರು ತಮ್ಮದೇ ನಿಯಮಗಳನ್ನು ಬರೆದರು. ಪ್ರತಿ ಆಟಗಾರನೂ ಒಂದು ಕೆಂಪು, ಒಂದು ಕಡುನೀಲಿ ಟೊಪ್ಪಿಗೆ ಇಟ್ಟುಕೊಂಡಿರಬೇಕು, ಒಂದು ತಂಡದವರು ಒಂದೇ ಬಣ್ಣದ್ದನ್ನು ಧರಿಸಬೇಕು ಎಂಬುದೂ ಅದರಲ್ಲಿತ್ತು. ಕಾರ್ನರ್ ಕಿಕ್, ಗೋಲುಕಂಬದ ಮೇಲಿನ ಅಡ್ಡಪಟ್ಟಿ ಇವೆಲ್ಲ ಬೆಳೆದದ್ದು ಈ ಶೆಫೀಲ್ಡ್ ನಿಯಮಗಳಲ್ಲಿ. 1877ರಲ್ಲಿ ಅವು ಲಂಡನ್ನಿನಲ್ಲಿದ್ದ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್ಎಯ ನಿಯಮಗಳೊಂದಿಗೆ ಒಂದಾದವು. ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದಲ್ಲಿ ಹುಡುಗರು 'ಕಾರ್ನರ್' ಎಂದು ಕೂಗುವಾಗ ಅವರ ಬಾಯಲ್ಲಿರುವುದು ಈ ಊರಿನ ಕೊಡುಗೆ.

ಹಾಗಾದರೆ ಇಷ್ಟು ಹಿರಿಯ ಕ್ಲಬ್ಬು ಇಷ್ಟು ಸಣ್ಣದಾಗಿ ಏಕೆ ಉಳಿಯಿತು? ಆಟಗಾರರಿಗೆ ಸಂಬಳ ಕೊಡುವುದನ್ನು 1885ರಲ್ಲಿ ಕಾನೂನುಬದ್ಧಗೊಳಿಸಿದಾಗ ಇವರು ಹವ್ಯಾಸಿಗಳಾಗಿಯೇ ಇರುತ್ತೇವೆ ಎಂದರು. ಹಣವಿದ್ದ ತಂಡಗಳು ಮುಂದೆ ಓಡಿದವು. 1904ರಲ್ಲಿ ಹವ್ಯಾಸಿ ತಂಡಗಳ ಎಫ್ಎ ಅಮೆಚೂರ್ ಕಪ್ ಗೆದ್ದದ್ದು ಇವರ ದೊಡ್ಡ ಗೆಲುವು. ನೂರು ವರ್ಷದ ಬಳಿಕ, 2004ರಲ್ಲಿ, ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾ ತನ್ನ ಶತಮಾನೋತ್ಸವದ ಆರ್ಡರ್ ಆಫ್ ಮೆರಿಟ್ ಗೌರವವನ್ನು ಎರಡೇ ಕ್ಲಬ್ಬುಗಳಿಗೆ ನೀಡಿತು: ಒಂದು ರಿಯಲ್ ಮ್ಯಾಡ್ರಿಡ್, ಇನ್ನೊಂದು ಶೆಫೀಲ್ಡ್ ಎಫ್‌ಸಿ. 2007ರ ನೂರೈವತ್ತರ ಸಂಭ್ರಮಕ್ಕೆ ಇಂಟರ್ ಮಿಲಾನ್ ಬಂದು ಆಡಿತು, ಪೆಲೆಯೂ ಬಂದಿದ್ದರು. ಆದರೆ 2011ರಲ್ಲಿ ಕ್ಲಬ್ಬು ತನ್ನ ಮೂಲ ನಿಯಮಗಳ ಹಸ್ತಪ್ರತಿಯನ್ನೂ ಹಳೆಯ ಕಡತಗಳನ್ನೂ ಹರಾಜಿಗಿಟ್ಟಿತು. 8,81,250 ಪೌಂಡ್ ಬಂತು. ಮನೆ ನಡೆಸಲು ಅಜ್ಜಿಯ ಒಡವೆ ಮಾರಿದ ಸುದ್ದಿ ಕೇಳಿದಂತೆ ನನಗೆ ಸಂಕಟವಾಯಿತು. ತಪ್ಪು ಎನ್ನಲು ಮಾತ್ರ ಬಾಯಿ ಬರುವುದಿಲ್ಲ. ಆಡುವ ತಂಡ ಉಳಿಯಬೇಕಲ್ಲ.

ಅದಕ್ಕೇ ನಾನು ಹೇಳುವುದು, ಇಲ್ಲಿ ಟಿಕೆಟ್ ಕೊಳ್ಳಿ, ಒಂದು ಸ್ಕಾರ್ಫ್ ಕೊಳ್ಳಿ. ಪ್ರವೇಶಕ್ಕೆ ನಾನು ಕೊಟ್ಟದ್ದು ಹತ್ತು ಪೌಂಡಿನ ಆಸುಪಾಸು. ದೊಡ್ಡ ಕ್ರೀಡಾಂಗಣದ ಪ್ರವಾಸಿ ಟಿಕೆಟ್ಟಿಗಿಂತ ಎಷ್ಟೋ ಕಡಿಮೆ. ಆ ಹಣ ನೇರವಾಗಿ ಇವರ ಕೈಸೇರುತ್ತದೆ. ಕಂಬಿಗೆ ಒರಗಿ ನಿಂತರೆ ಆಟಗಾರರ ಉಸಿರು, ಒಬ್ಬರನ್ನೊಬ್ಬರು ಎಚ್ಚರಿಸುವ ಕೂಗು, ಬೂಟು ಚೆಂಡಿಗೆ ತಾಗುವ ಸದ್ದು ಎಲ್ಲ ಕೇಳಿಸುತ್ತದೆ. ಅಭಿಮಾನಿಗಳು ತಂಡವನ್ನು 'ದಿ ಕ್ಲಬ್' ಎಂದಷ್ಟೇ ಕರೆಯುತ್ತಾರೆ, ಬೇರೆ ಹೆಸರು ಬೇಕೇ ಇಲ್ಲ ಎಂಬಂತೆ.

ಉಣ್ಣೆಯ ಅಂಗಿ, ದಪ್ಪ ಕಾಲುಚೀಲ ಮರೆಯಬೇಡಿ. ಎರಡು ಗಂಟೆ ನಿಂತರೆ ಚಳಿ ಪಾದದಿಂದ ಏರುತ್ತದೆ. ಸಸ್ಯಾಹಾರಿಗಳಿಗೆ ಬಿಸಿ ಆಲೂ ಚಿಪ್ಸ್ ಸಾಕು. ಊರಲ್ಲಿ ಎಲ್ಲಿಯಾದರೂ ಹೆಂಡರ್ಸನ್ಸ್ ರೆಲಿಶ್ ಎಂಬ ಕಪ್ಪು ಸಾಸಿನ ಬಾಟಲಿ ಕಂಡರೆ ಧೈರ್ಯವಾಗಿ ಸುರಿದುಕೊಳ್ಳಿ. ಶೆಫೀಲ್ಡಿನದೇ ತಯಾರಿಕೆ, ಮೀನಿನ ಅಂಶವಿಲ್ಲ. ನಮ್ಮ ಹುಣಸೆ ರಸ ನೆನಪಾಗುವಂಥ ಹುಳಿ.

ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಕತ್ತಲಾಗುತ್ತದೆ. ಡ್ರಾನ್‌ಫೀಲ್ಡಿನಿಂದ ಹಿಂದಿರುಗುವ ರೈಲಿನ ವೇಳೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಾನು ಆಟ ಮುಗಿದ ಮೇಲೂ ಕಂಬಿಯ ಬಳಿಯೇ ನಿಂತು ರೈಲು ತಪ್ಪಿಸಿಕೊಂಡೆ. ಕೊನೆಗೆ ಮುಖ್ಯರಸ್ತೆಯಲ್ಲಿ ಬಸ್ ಹಿಡಿದೆ. ಅಲ್ಲಿ ನಿಂತಿದ್ದ ನಾಲ್ಕೈದು ಜನರ ಕೊರಳಲ್ಲೂ ಕೆಂಪು-ಕಪ್ಪು ಸ್ಕಾರ್ಫ್ ಇತ್ತು.