ಮಿನಿ ಪಿಸಿ ಮಲಗಿದರೂ ಆರದ ಯುಎಸ್‌ಬಿ: ಕೆಲಸದ ಟಿಪ್ಪಣಿ

ಸಲಕರಣೆ: 19 ವೋಲ್ಟ್ ಅಡಾಪ್ಟರ್‌ನಿಂದ ಓಡುವ ಮಿನಿ ಪಿಸಿ, ಒಳಗೆ 2.5 ಇಂಚಿನ ಸಾಟಾ ಡ್ರೈವ್ ಜಾಗ, ಮೇಲೆ ಲಿನಕ್ಸ್. ಹಿಂಬದಿಯ ಪೋರ್ಟ್‌ಗಳಲ್ಲಿ ಟಿವಿ ಹಿಂದೆ ಅಂಟಿಸಿದ ಎಲ್‌ಇಡಿ ಪಟ್ಟಿ, ಆಡಿಯೊ ಡ್ಯಾಕ್ (ಡಿಜಿಟಲ್ ಧ್ವನಿಯನ್ನು ಸ್ಪೀಕರ್ ಕಡೆಯ ಅನಲಾಗ್ ಸಂಕೇತವಾಗಿಸುವ ಸಾಧನ), ಕೀಬೋರ್ಡ್ ರಿಸೀವರ್.

ತೊಂದರೆ: ಸ್ಲೀಪ್‌ಗೆ ಹಾಕಿದರೆ ಪರದೆ ಕಪ್ಪಾಗುತ್ತದೆ, ಫ್ಯಾನ್ ನಿಲ್ಲುತ್ತದೆ, ಪಟ್ಟಿ ಮಾತ್ರ ಬೆಳಗಿನವರೆಗೂ ಉರಿಯುತ್ತದೆ. ಪಟ್ಟಿ ಎಳೆಯುವುದು 0.3 ಆಂಪಿಯರ್, ಅಂದರೆ 1.5 ವ್ಯಾಟ್. ದಿನಕ್ಕೆ 16 ಗಂಟೆ ಹಿಡಿದರೆ ವರ್ಷಕ್ಕೆ ಸುಮಾರು 8.8 ಯೂನಿಟ್. ಬಿಲ್ಲಿಗೆ ಅದು ಲೆಕ್ಕಕ್ಕಿಲ್ಲ. ಕತ್ತಲಾಗಬೇಕಾದ ಕೋಣೆ ಕತ್ತಲಾಗುವುದಿಲ್ಲ ಎಂಬುದೇ ತಕರಾರು.

ಮೊದಲು ಪತ್ತೆ: ಇದು ಯಾವ ನಿದ್ದೆ?

ಸ್ಲೀಪ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಸ್ಥಿತಿಗಳಿವೆ. ಸಿಸ್ ಫೋಲ್ಡರ್‌ನೊಳಗಿನ ಪವರ್ ಫೋಲ್ಡರ್‌ನಲ್ಲಿ ‘ಮೆಮ್ ಸ್ಲೀಪ್’ ಎಂಬ ಕಡತವಿದೆ. ತೆರೆದರೆ ಎಸ್2ಐಡಲ್, ಡೀಪ್ ಎಂಬ ಪದಗಳು ಕಾಣುತ್ತವೆ, ಚೌಕ ಆವರಣದಲ್ಲಿರುವುದು ಸದ್ಯದ ಆಯ್ಕೆ. ಡೀಪ್ ಎಂದರೆ ಎಸ್3 ಎಂಬ ಗಾಢ ನಿದ್ದೆ: ರ‍್ಯಾಮ್‌ಗೆ ಮತ್ತು ಸ್ಟ್ಯಾಂಡ್‌ಬೈ ಭಾಗಕ್ಕೆ (ಯಂತ್ರವನ್ನು ಎಬ್ಬಿಸಲು ಕಾದಿರುವ ಭಾಗ) ಮಾತ್ರ ಕರೆಂಟ್, ಉಳಿದ ಲೈನ್‌ಗಳು, ಅಂದರೆ ಕರೆಂಟ್ ಹರಿಯುವ ದಾರಿಗಳು, ಬಂದ್. ಎಸ್2ಐಡಲ್‌ನಲ್ಲಿ ಬೋರ್ಡಿನ ಮುಖ್ಯ ಲೈನ್‌ಗಳು ಚಾಲೂ ಇರುತ್ತವೆ, ಪ್ರೊಸೆಸರ್ ತೂಕಡಿಸುತ್ತಿರುತ್ತದೆ ಅಷ್ಟೆ. ಫ್ಯಾನ್ ಎರಡರಲ್ಲೂ ನಿಲ್ಲಬಹುದು, ಹಾಗಾಗಿ ಅದನ್ನು ನೋಡಿ ತೀರ್ಮಾನಿಸಬಾರದು. ಇಲ್ಲಿ ಆಯ್ಕೆ ಎಸ್2ಐಡಲ್‌ನಲ್ಲಿತ್ತು, ಡೀಪ್‌ಗೆ ಬದಲಿಸಿದ್ದಾಯಿತು. ಇತ್ತೀಚಿನ ಹಲವು ಬೋರ್ಡ್‌ಗಳಲ್ಲಿ ಡೀಪ್ ಎಂಬ ಪದವೇ ಇರುವುದಿಲ್ಲ. ಅಂಥವುಗಳಿಗೆ ಕೆಳಗಿನ ಸರ್ಕಿಟ್ ಹೊಂದುವುದಿಲ್ಲ.

ಡೀಪ್ ಆದರೂ ಪಟ್ಟಿ ಆರಲಿಲ್ಲ. ಕಾರಣ ಸರಳ: ಕೀಬೋರ್ಡ್ ಒತ್ತಿದರೆ ಯಂತ್ರ ಏಳಬೇಕು ಎಂದು ತಯಾರಕರು ಯುಎಸ್‌ಬಿಯ 5 ವೋಲ್ಟನ್ನು ಸ್ಟ್ಯಾಂಡ್‌ಬೈ ಲೈನಿಗೇ ಕಟ್ಟಿರುತ್ತಾರೆ. ಮಲಗಲು ಸೂಚನೆ ಬಂದ ಯುಎಸ್‌ಬಿ 2.0 ಸಾಧನ 2.5 ಮಿಲಿಆಂಪಿಯರ್‌ಗೆ ಇಳಿಯಬೇಕು ಎಂಬುದು ನಿಯಮ. ಆದರೆ ಎಲ್‌ಇಡಿ ಪಟ್ಟಿಗೆ ಡೇಟಾ ತಂತಿಯೇ ಇಲ್ಲ. ಸೂಚನೆ ಅದಕ್ಕೆ ಮುಟ್ಟುವುದೂ ಇಲ್ಲ.

ಸೆಟ್ಟಿಂಗ್‌ಗಳ ಸುತ್ತು

ಬಯೋಸ್‌ನ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳ) ಇಆರ್‌ಪಿ ಆಯ್ಕೆಯನ್ನು, ಅಂದರೆ ಸ್ಟ್ಯಾಂಡ್‌ಬೈ ಕರೆಂಟ್ ಕಡಿತಗೊಳಿಸುವುದನ್ನು, ಎಲ್ಲರೂ ಮೊದಲು ಹೇಳುತ್ತಾರೆ. ಅದು ಕೆಲಸ ಮಾಡುವುದು ಎಸ್4, ಎಸ್5ರಲ್ಲಿ, ಅಂದರೆ ಹೈಬರ್ನೇಟ್ ಮತ್ತು ಶಟ್‌ಡೌನ್‌ನಲ್ಲಿ. ಸ್ಲೀಪ್‌ಗೂ ಅದಕ್ಕೂ ಸಂಬಂಧವಿಲ್ಲ. ಕೆಲವು ಬೋರ್ಡ್‌ಗಳಲ್ಲಿ ‘ಎಸ್5 ಮಾತ್ರ’ ಮತ್ತು ‘ಎಸ್4+ಎಸ್5’ ಎಂದು ಎರಡು ಬಗೆ ಇದೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ನಿಜಕ್ಕೂ ಎಸ್4ಕ್ಕೆ ಹೋಗುತ್ತದೆ, ಆದ್ದರಿಂದ ಮೊದಲನೆಯದನ್ನು ಆರಿಸಿದವರಿಗೆ ಶಟ್‌ಡೌನ್ ಮಾಡಿದರೂ ದೀಪ ಉರಿಯುತ್ತದೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ‘ಪವರ್ ಉಳಿಸಲು ಈ ಸಾಧನ ಆಫ್ ಮಾಡು’ ಎನ್ನುವ ಟಿಕ್ ಗುರುತು ಕೂಡ ಸಾಧನವನ್ನು ಮಲಗಿಸುತ್ತದೆ, 5 ವೋಲ್ಟನ್ನು ಕತ್ತರಿಸುವುದಿಲ್ಲ.

ಲಿನಕ್ಸ್‌ನಲ್ಲಿ ಪ್ರೋಕ್ ಫೋಲ್ಡರಿನ ಎಸಿಪಿಐ ವೇಕಪ್ ಕಡತದಲ್ಲಿ ಎಕ್ಸ್‌ಎಚ್‌ಸಿ (ಯುಎಸ್‌ಬಿ ಕಂಟ್ರೋಲರ್) ಸಾಲನ್ನು ನಿಷ್ಕ್ರಿಯ ಮಾಡಿ ನೋಡಿದ್ದೂ ಆಯಿತು. ಕೀಬೋರ್ಡ್‌ನಿಂದ ಏಳುವುದು ನಿಂತಿತು, ಪಟ್ಟಿ ನಿಲ್ಲಲಿಲ್ಲ. (ಅದೇ ಹೆಸರನ್ನು ಎರಡನೇ ಸಲ ಬರೆದರೆ ಮತ್ತೆ ಸಕ್ರಿಯವಾಗುತ್ತದೆ, ಸ್ಕ್ರಿಪ್ಟ್ ಎರಡು ಸಲ ಓಡಿ ತಲೆ ಕೆಡಿಸುವುದು ಇಲ್ಲೇ.)

ಮುಂದಿನದು ಯುಹಬ್‌ಸಿಟಿಎಲ್, ಯುಎಸ್‌ಬಿ ಪೋರ್ಟ್‌ಗಳ ಪವರ್ ಆನ್-ಆಫ್ ಮಾಡುವ ಆದೇಶ. ಪೋರ್ಟ್‌ವಾರು ಪವರ್ ಸ್ವಿಚ್ ಇರುವ ಹಬ್‌ಗಳಿಗೆ ಇದು ಒಳ್ಳೆಯ ಉಪಾಯ: ಸಿಸ್ಟಮ್‌ಡಿಯ (ಲಿನಕ್ಸ್‌ನ ಸೇವೆಗಳನ್ನು ನೋಡಿಕೊಳ್ಳುವ ತಂತ್ರಾಂಶ) ಸಿಸ್ಟಮ್-ಸ್ಲೀಪ್ ಫೋಲ್ಡರ್‌ನಲ್ಲಿ ಒಂದು ಸ್ಕ್ರಿಪ್ಟ್ ಇಟ್ಟು, ಮೊದಲ ಆರ್ಗ್ಯುಮೆಂಟ್ ‘ಪ್ರೀ’ (ಮಲಗುವ ಮುನ್ನ) ಆದಾಗ ಪೋರ್ಟ್ ಆಫ್, ‘ಪೋಸ್ಟ್’ (ಎದ್ದ ಮೇಲೆ) ಆದಾಗ ಆನ್. ಕಡತಕ್ಕೆ ಎಕ್ಸಿಕ್ಯೂಟ್ ಅನುಮತಿ ಕೊಡದಿದ್ದರೆ ಅದು ಓಡುವುದೇ ಇಲ್ಲ. ಇಲ್ಲಿ ಬೋರ್ಡಿನ ರೂಟ್ ಹಬ್ (ಕಂಟ್ರೋಲರ್‌ಗೆ ಸೇರಿದ ಒಳಗಿನ ಹಬ್) ಯುಹಬ್‌ಸಿಟಿಎಲ್ ಯಾದಿಯಲ್ಲಿ ಕಂಡಿತು, ಆದೇಶಕ್ಕೆ ‘ಆಫ್’ ಎಂದೂ ಉತ್ತರಿಸಿತು, ಪೋರ್ಟ್‌ನಲ್ಲಿ ಮಾತ್ರ 5 ವೋಲ್ಟ್ ಹಾಗೇ ಇತ್ತು. ರೂಟ್ ಹಬ್‌ಗಳು ಹೀಗೆ ಬಾಯಿಮಾತಿಗೆ ಒಪ್ಪಿಕೊಳ್ಳುವುದು ಹೊಸದಲ್ಲ. ಕಂಟ್ರೋಲರ್ ಚಿಪ್‌ಗೆ ಆ ಸಾಮರ್ಥ್ಯವಿದ್ದರೂ ಬೋರ್ಡ್ ಮೇಲೆ ಸ್ವಿಚ್ ಹಾಕಿರುವುದಿಲ್ಲ. ಸಾಧನ ಯಾದಿಯಿಂದ ಮಾಯವಾಯಿತೇ ಎಂದು ನೋಡಿದರೆ ಸಾಲದು, ಮಲ್ಟಿಮೀಟರ್ ಹಿಡಿಯಬೇಕು.

ಸರ್ಕಿಟ್

ಎಸ್3ರಲ್ಲಿ ನಿಜಕ್ಕೂ ಸಾಯುವ ಒಂದು ಲೈನ್ ಹುಡುಕಿ, ಅದರಿಂದ ಪಟ್ಟಿಯ 5 ವೋಲ್ಟನ್ನು ಆಳುವುದು ಉಪಾಯ. ಸಾಟಾ ಪವರ್ ಕನೆಕ್ಟರ್‌ನ 7, 8, 9ನೇ ಪಿನ್‌ಗಳಲ್ಲಿ 5 ವೋಲ್ಟ್ ಇರುತ್ತದೆ. ಆನ್, ಸ್ಲೀಪ್, ಶಟ್‌ಡೌನ್ ಮೂರರಲ್ಲೂ ಅಳೆದು ನೋಡಿ: ಸ್ಲೀಪ್‌ನಲ್ಲಿ ಸೊನ್ನೆಗೆ ಇಳಿದರೆ ಮಾತ್ರ ಮುಂದುವರಿಯಿರಿ. ಇಲ್ಲಿ ಇಳಿಯಿತು.

ಬೇಕಾದದ್ದು: ಎಒ3401 ಪಿ-ಚಾನೆಲ್ ಮಾಸ್ಫೆಟ್ ಒಂದು (ಮಾಸ್ಫೆಟ್ ಎಂದರೆ ವೋಲ್ಟೇಜ್‌ನಿಂದ ಆಳುವ ಸ್ವಿಚ್; ಗೇಟ್ ಆಳುವ ಕಾಲು, ಸೋರ್ಸ್ ಮತ್ತು ಡ್ರೈನ್ ಕರೆಂಟ್ ಹರಿಯುವ ಕಾಲುಗಳು), 2ಎನ್7002 ಎನ್-ಚಾನೆಲ್ ಮಾಸ್ಫೆಟ್ ಒಂದು, 100 ಕಿಲೋಓಮ್ ರೆಸಿಸ್ಟರ್ ಎರಡು, 10 ಕಿಲೋಓಮ್ ಒಂದು, 1 ಕಿಲೋಓಮ್ ಒಂದು, 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಒಂದು, ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ಒಂದು. ಕೇಬಲ್‌ನ ಕೆಂಪು ತಂತಿಯನ್ನು ಮಾತ್ರ ಕತ್ತರಿಸಿ. ಬಿಳಿ, ಹಸಿರು, ಕಪ್ಪು ಮುಟ್ಟಬೇಡಿ. ಪಿಸಿ ಕಡೆಯ ಕೆಂಪು ಎಒ3401ರ ಸೋರ್ಸ್‌ಗೆ, ಪಟ್ಟಿ ಕಡೆಯದು ಡ್ರೈನ್‌ಗೆ. ಗೇಟ್‌ನಿಂದ ಸೋರ್ಸ್‌ಗೆ 100 ಕಿಲೋಓಮ್, ಅದಕ್ಕೆ ಪ್ಯಾರಲಲ್ ಆಗಿ ಕೆಪಾಸಿಟರ್. ಗೇಟ್‌ನಿಂದ 10 ಕಿಲೋಓಮ್ ಮೂಲಕ 2ಎನ್7002ರ ಡ್ರೈನ್‌ಗೆ, ಅದರ ಸೋರ್ಸ್ ಗ್ರೌಂಡ್‌ಗೆ. ಸಾಟಾದ 5 ವೋಲ್ಟ್ 1 ಕಿಲೋಓಮ್ ಮೂಲಕ 2ಎನ್7002ರ ಗೇಟ್‌ಗೆ, ಆ ಗೇಟ್‌ನಿಂದ ಗ್ರೌಂಡ್‌ಗೆ ಇನ್ನೊಂದು 100 ಕಿಲೋಓಮ್. 1 ಕಿಲೋಓಮನ್ನು ಸಾಟಾ ತುದಿಯಲ್ಲೇ ಬೆಸುಗೆ ಹಾಕಿ. ಉದ್ದ ತಂತಿ ಎಲ್ಲಾದರೂ ಲೋಹದ ಕವಚಕ್ಕೆ ತಗುಲಿದರೂ ಹರಿಯುವುದು 5 ಮಿಲಿಆಂಪಿಯರ್ ಮಾತ್ರ.

ಲೆಕ್ಕ: ಆನ್ ಆದಾಗ ಎಒ3401ರ ಗೇಟ್‌ಗೆ ಸೋರ್ಸ್‌ಗಿಂತ ಸುಮಾರು 4.5 ವೋಲ್ಟ್ ಕಡಿಮೆ ಸಿಗುತ್ತದೆ. ಆಗ ರೋಧ ಹೆಚ್ಚೆಂದರೆ 60 ಮಿಲಿಓಮ್ ಆಸುಪಾಸು; 0.3 ಆಂಪಿಯರ್‌ಗೆ ನಷ್ಟ 0.02 ವೋಲ್ಟ್. ಬಿಸಿಯಾಗುವ ಪ್ರಶ್ನೆಯೇ ಇಲ್ಲ. ಕೆಪಾಸಿಟರ್ ಹಾಕದಿದ್ದರೂ ಪಟ್ಟಿ ಉರಿಯುತ್ತದೆ, ಆದರೆ ಡ್ಯಾಕ್‌ನಂಥ ಸಾಧನದ ಒಳ ಕೆಪಾಸಿಟರ್‌ಗಳು ಒಮ್ಮೆಲೆ ತುಂಬಿಕೊಳ್ಳುವಾಗ ಪಕ್ಕದ ಪೋರ್ಟ್‌ಗಳ ವೋಲ್ಟೇಜ್ ಕುಸಿದು ಅಲ್ಲಿಯ ಸಾಧನಗಳು ಕಳಚಿ ಮತ್ತೆ ಸೇರಬಹುದು. ಗೇಟ್‌ನ ಕೆಪಾಸಿಟರ್ ಇದ್ದರೆ ಎಒ3401 ಸುಮಾರು 1 ಮಿಲಿಸೆಕೆಂಡ್‌ನಲ್ಲಿ ಮೆಲ್ಲಗೆ ಆನ್ ಆಗುತ್ತದೆ.

ಮೊದಲ ಜೋಡಣೆಯಲ್ಲಿ ಸ್ಲೀಪ್‌ನಲ್ಲೂ ಪಟ್ಟಿ ಮಂಕಾಗಿ ಉರಿಯಿತು. ಎಒ3401ರ ಸೋರ್ಸ್, ಡ್ರೈನ್ ಅದಲುಬದಲಾಗಿದ್ದವು. ಮಾಸ್ಫೆಟ್‌ನ ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮೂಲಕ 4 ವೋಲ್ಟ್‌ಗಿಂತ ಸ್ವಲ್ಪ ಹೆಚ್ಚು ಸಾಗುತ್ತಿತ್ತು. ಮಂಕು ಬೆಳಕು ಕಂಡರೆ ಮೊದಲು ಸೋರ್ಸ್, ಡ್ರೈನ್ ಸಂಪರ್ಕಗಳನ್ನು ನೋಡಿ ಸರಿಪಡಿಸಿ. ಇದೇ ಡಯೋಡ್‌ನಿಂದ ಇನ್ನೊಂದು ಅಪಾಯ: ಆಚೆ ತುದಿಗೆ ಸ್ವಂತ ಅಡಾಪ್ಟರ್ ಇರುವ ಹಬ್ ಸಿಕ್ಕಿಸಿದರೆ, ಅದು ವೋಲ್ಟೇಜನ್ನು ಹಿಮ್ಮುಖವಾಗಿ ಪಿಸಿಗೆ ತಳ್ಳಬಹುದು. ಅಂಥ ಹಬ್‌ಗೆ ಎರಡು ಮಾಸ್ಫೆಟ್ ಬೆನ್ನಿಗೆ ಬೆನ್ನು ಹಾಕಬೇಕು.

ಈಗ ಪಟ್ಟಿ ಸ್ಲೀಪ್‌ನಲ್ಲಿ ಆರುತ್ತದೆ, ಎದ್ದೊಡನೆ ಉರಿಯುತ್ತದೆ. ರಿಸೀವರ್ ನೇರ ಪೋರ್ಟ್‌ನಲ್ಲೇ ಇದೆ, ಇಲ್ಲದಿದ್ದರೆ ಯಂತ್ರವನ್ನು ಎಬ್ಬಿಸುವವರಾರು? ಹೊರಗಿನ ಹಾರ್ಡ್ ಡಿಸ್ಕ್‌ಗೆ ಈ ಕೇಬಲ್ ಬೇಡ: ಅನ್‌ಮೌಂಟ್ ಮಾಡುವ (ಸುರಕ್ಷಿತವಾಗಿ ಕಳಚುವ) ಮೊದಲೇ ಕರೆಂಟ್ ಹೋದರೆ ಕಡತವ್ಯವಸ್ಥೆ ಕೆಡಬಹುದು. ಡ್ಯಾಕ್ ಇನ್ನೂ ಬಾಕಿ. ಅದರ ಕರೆಂಟ್ ಹೋಗುವಾಗ ಸ್ಪೀಕರ್‌ನಲ್ಲಿ ‘ಟಪ್’ ಎನ್ನುತ್ತದೆ. ‘ಪ್ರೀ’ ಸ್ಕ್ರಿಪ್ಟ್‌ನಲ್ಲಿ ಮೊದಲು ಧ್ವನಿ ಮ್ಯೂಟ್ ಮಾಡಿ, ಆ್ಯಂಪ್ಲಿಫಯರ್ ಪ್ಲಗ್ ಆಫ್ ಮಾಡುವ ಕ್ರಮವನ್ನು ಮುಂದಿನ ಸಲ ಪರೀಕ್ಷಿಸಬೇಕಿದೆ.