ಬರೀ ಕೇಳಿದರೂ ತಪ್ಪೇ?

"ಸರ್, ನಾನು ಅದರಲ್ಲಿ ಮಾತನಾಡುವುದೇ ಇಲ್ಲ. ಬರೀ ಕೇಳುತ್ತೇನೆ. ಬರೀ ಕೇಳಿದರೂ ತಪ್ಪೇ?"

ರೈಲು ಚಾಲಕರ ಮಾತು ಆಲಿಸಬಲ್ಲ ರೇಡಿಯೊ ಸೆಟ್ಟಿನ ಬಗ್ಗೆ ನಮ್ಮ ಮೇಲಿನ ಮನೆಯ ಹುಡುಗ ಸೋಮವಾರ ಸಂಜೆ ಕೇಳಿದ ಮಾತಿದು. ಅಂದಿನಿಂದ ಹಾಲು ತರಲು ಹೊರಟರೂ, ಗೇಟಿನ ಬಳಿ ರೈಲು ಹೋಗಲೆಂದು ನಿಂತರೂ ಇದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. ಒಂಬತ್ತನೇ ತರಗತಿಯ ಹುಡುಗ, ಗಣಿತ ಹೇಳಿಸಿಕೊಳ್ಳಲು ನನ್ನ ಬಳಿ ಬರುತ್ತಾನೆ. ಅವನ ತಂದೆ ಗೂಡ್ಸ್ ರೈಲಿನ ಲೋಕೋ ಪೈಲಟ್.

ಆ ಸಂಜೆ ಅಮೆರಿಕದ ನೆಬ್ರಾಸ್ಕಾದಿಂದ ನನ್ನ ಅಕ್ಕನ ಮಗನ ಫೋನ್ ಬಂದಿತ್ತು. ಚಪ್ಪಲಿ ಕೊಳ್ಳುವುದಕ್ಕೂ ಒಂದು ವಾರ ವಿಚಾರಿಸುವ ಸ್ವಭಾವ ಅವನದು. ಅವನ ಮಗಳಿಗೆ ರೈಲಿನ ಹುಚ್ಚು. ನಾರ್ತ್ ಪ್ಲ್ಯಾಟ್‌ನಲ್ಲಿರುವ ಬೇಯ್ಲಿ ಯಾರ್ಡ್ ನೋಡಿ ಬಂದಿದ್ದಾರೆ. ಅದು ಎಂಟು ಮೈಲಿ ಉದ್ದದ, ಜಗತ್ತಿನಲ್ಲೇ ಅತಿ ದೊಡ್ಡ ರೈಲ್ವೆ ಯಾರ್ಡ್. ಅಲ್ಲಿ ಯಾರೋ ಕೈಯಲ್ಲಿ ಸೆಟ್ ಹಿಡಿದು ಎಂಜಿನ್ ಚಾಲಕರ ಮಾತು ಆಲಿಸುತ್ತಿದ್ದರಂತೆ. ಅದನ್ನು ಕಂಡ ಮಗು ಮನೆಗೆ ಬಂದ ಮೇಲೂ ಹಟ ಬಿಟ್ಟಿಲ್ಲ. "ಮಾಮ, ಹ್ಯಾಮ್ ರೇಡಿಯೊ ನಿಮ್ಮ ವಿಷಯ. ಯಾವ ಸೆಟ್ ಕೊಳ್ಳಲಿ?" ಎಂದ. ನನಗೆ ಅಷ್ಟೇ ಸಾಕಾಯಿತು. ನಾನು ಹ್ಯಾಮ್, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತನಾಡುವವನು.

ಅಲ್ಲಿನ ರೈಲ್ವೆಗಳ ಧ್ವನಿ ಚಾನೆಲ್‌ಗಳು 160.215ರಿಂದ 161.565 ಮೆಗಾಹರ್ಟ್ಸ್‌ವರೆಗೆ ಹರಡಿವೆ. ಅಮೆರಿಕದ ಹ್ಯಾಮ್‌ಗಳ ಎರಡು ಮೀಟರ್ ಬ್ಯಾಂಡ್ ಎಂಬ ಆವರ್ತನ ಪಟ್ಟಿ 144ರಿಂದ 148ರವರೆಗೆ ಮಾತ್ರ. ಆದರೆ ಕೈಯಲ್ಲಿ ಹಿಡಿಯುವ ಬಹುತೇಕ ಸೆಟ್‌ಗಳು 136ರಿಂದ 174ರವರೆಗೆ ಆಲಿಸಬಲ್ಲವು. ಹಾಗಾಗಿ ಆ ಒಂದು ಕಾರಣಕ್ಕೆ ದುಬಾರಿ ಸೆಟ್ ಬೇಕಿಲ್ಲ. ಬಾವೊಫೆಂಗ್ ಯುವಿ-5ಆರ್ ಎಂಬ ಸೆಟ್ ಅಗ್ಗ, ನಿಜ. ಆದರೆ ಹತ್ತಿರದಲ್ಲಿ ಬಲವಾದ ಪ್ರಸಾರವಿದ್ದರೆ ಅದರ ರಿಸೀವರ್ ತಬ್ಬಿಬ್ಬಾಗುತ್ತದೆ, ಚಾನೆಲ್‌ನಿಂದ ಚಾನೆಲ್‌ಗೆ ಹುಡುಕುವಾಗ ಎಷ್ಟು ನಿಧಾನವೆಂದರೆ ಅದು ತಲುಪುವಷ್ಟರಲ್ಲಿ ಚಾಲಕನ ಅರ್ಧ ಮಾತು ಮುಗಿದಿರುತ್ತದೆ. ಯಾಯೆಸುವಿನಂಥ ಕಂಪನಿಯ ಸೆಟ್ ಈ ಎರಡರಲ್ಲೂ ಮೇಲು. ಎನ್‌ಎಕ್ಸ್‌ಡಿಎನ್ ಎಂಬ ಡಿಜಿಟಲ್ ಪದ್ಧತಿಯನ್ನು ಅಲ್ಲಿನ ರೈಲ್ವೆಗಳು ಆರಿಸಿಕೊಂಡಿದ್ದರೂ ಬಹುಪಾಲು ಮಾತುಕತೆ ಇನ್ನೂ ಹಳೆಯ ಎಫ್‌ಎಂನಲ್ಲೇ ನಡೆಯುತ್ತದೆ, ಅದಕ್ಕಾಗಿ ಈಗಲೇ ಹಣ ಸುರಿಯಬೇಡ ಎಂದೆ. ಸೆಟ್ ಜೊತೆಗೆ ಬರುವ ಗಿಡ್ಡ ಆಂಟೆನಾ ಹ್ಯಾಮ್ ಬ್ಯಾಂಡಿಗೆ ಹೊಂದಿಸಿದ್ದು. ರೈಲ್ವೆ ಚಾನೆಲ್‌ಗಳಿಗೆ ಕಾಲು ತರಂಗದ ಉದ್ದವೆಂದರೆ ಸುಮಾರು 47 ಸೆಂಟಿಮೀಟರ್. ಅಷ್ಟುದ್ದದ ಚಾಟಿ ಆಂಟೆನಾ ಹಾಕಿದರೆ, ಸೆಟ್ ಬದಲಿಸಿದರೆ ಸಿಗುವುದಕ್ಕಿಂತ ಹೆಚ್ಚಿನ ಲಾಭ ಸಿಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯ ಮಾತು ಹೇಳಿದೆ. ಮಗುವಿಗೆ ಆಲಿಸುವುದಷ್ಟೇ ಬೇಕಿದ್ದರೆ ಹ್ಯಾಮ್ ಸೆಟ್ ಬೇಡ, ಆಲಿಸಲು ಮಾತ್ರ ಬರುವ ಸ್ಕ್ಯಾನರ್ ರೇಡಿಯೊ ಕೊಡಿಸು. ಅದರಲ್ಲಿ ಮಾತನಾಡುವ ಗುಂಡಿಯೇ ಇರುವುದಿಲ್ಲ. ಮುಂದೆ ಲೈಸೆನ್ಸ್ ಪಡೆಯುವ ಮನಸ್ಸಿದ್ದರೆ ಹ್ಯಾಮ್ ಸೆಟ್ ತೆಗೆದುಕೋ, ಆದರೆ ರೈಲ್ವೆ ಚಾನೆಲ್‌ಗಳಲ್ಲಿ ಗುಂಡಿ ಒತ್ತಿದರೂ ಏನೂ ಹೊರಡದಂತೆ ಬೀಗ ಹಾಕಿಕೊಡು. ಅವಳಿಗೆ ಖುಷಿ ಕೊಡುವುದು ಮನುಷ್ಯರಿಗಿಂತ ಯಂತ್ರದ ಧ್ವನಿಯೇ ಇರಬಹುದು. ಅಲ್ಲಿ ಹಳಿಯ ಪಕ್ಕದ ತಪಾಸಣಾ ಯಂತ್ರಗಳು ಗಾಡಿ ದಾಟಿದೊಡನೆ ಇಂಥ ಮೈಲಿಗಲ್ಲು, ದೋಷವಿಲ್ಲ, ಇಷ್ಟು ಗಾಲಿಯಚ್ಚುಗಳು ಎಂದು ತಾವೇ ರೇಡಿಯೊದಲ್ಲಿ ಘೋಷಿಸುತ್ತವೆ.

ಫೋನ್ ಸ್ಪೀಕರಿನಲ್ಲಿತ್ತು. ಹುಡುಗ ಪುಸ್ತಕ ಮುಚ್ಚಿಟ್ಟು ಎಲ್ಲವನ್ನೂ ಕೇಳಿಸಿಕೊಂಡಿದ್ದ. ನಾನು ಫೋನ್ ಇಟ್ಟ ಕೂಡಲೇ, "ಸರ್, ನಮ್ಮ ಬಳ್ಳಾರಿಯಲ್ಲೂ ಆ ಸೆಟ್ ಸಿಗುತ್ತದೆ. ತೋರಣಗಲ್ಲಿನ ಕಡೆಯಿಂದ ಅಪ್ಪನ ಗಾಡಿ ಬರುವಾಗ ಅಪ್ಪನ ಧ್ವನಿ ಕೇಳಿಸುತ್ತದಲ್ಲವೇ?" ಎಂದ. ಬೇಡ ಎಂದೆ. ಆಗಲೇ ಅವನು ಆ ಪ್ರಶ್ನೆ ಹಾಕಿದ್ದು.

ಸೆಟ್ ಸಿಗುತ್ತದೆಂದು ಅವನಿಗೆ ಹೇಳಿದವನು ಮೊಬೈಲ್ ಸಾಮಾನು ಮಾರುವ ಒಬ್ಬ ಅಂಗಡಿಯವನು. "ಲೈಸೆನ್ಸ್ ಯಾರು ನೋಡುತ್ತಾರೆ?" ಎಂದೂ ಹೇಳಿ ಕಳಿಸಿದ್ದಾನೆ. ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹದಿನಾಲ್ಕು ವರ್ಷದವನಿಗೆ ಆಡುವ ಮಾತೇ ಅದು? ಎಫ್‌ಎಂನಲ್ಲಿ ಒಂದೇ ಚಾನೆಲ್‌ನಲ್ಲಿ ಎರಡು ಸಂಕೇತಗಳು ಬಂದರೆ ಬಲವಾದುದು ದುರ್ಬಲವಾದುದನ್ನು ನುಂಗುತ್ತದೆ. ಎರಡೂ ಸಮಬಲವಾಗಿದ್ದರೆ ಯಾವ ಮಾತೂ ತಿಳಿಯದು. ಕೌಲ್ ಬಜಾರಿನ ಯಾವುದೋ ಮಾಳಿಗೆಯ ಮೇಲೆ ಐದು ವ್ಯಾಟ್‌ನ ಸೆಟ್ಟಿನ ಗುಂಡಿ ಅಕಸ್ಮಾತ್ತಾಗಿ ಒತ್ತಿಹೋದರೆ, ದೂರದಿಂದ ಚಾಲಕ ಸ್ಟೇಷನ್ ಮಾಸ್ಟರಿಗೆ ಹೇಳುತ್ತಿರುವ ತುರ್ತು ಮಾತು ಅಳಿಸಿಹೋಗುತ್ತದೆ.

ಗುಂಡಿಯ ವಿಷಯ ಹುಡುಗ ಒಪ್ಪಿದ. ಆದರೆ ಅವನು ಕೇಳಿದ್ದು ಗುಂಡಿಯ ವಿಷಯವನ್ನಲ್ಲ. ಬರೀ ಕೇಳಿದರೂ ತಪ್ಪೇ? ನಮ್ಮ ದೇಶದ ಕಾನೂನಿನ ಉತ್ತರ ಸ್ಪಷ್ಟವಿದೆ. ನಿಸ್ತಂತು ಉಪಕರಣವನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದೇ 1933ರ ಕಾಯ್ದೆಯ ಕಾಲದಿಂದ ಅಪರಾಧ; 2023ರ ದೂರಸಂಪರ್ಕ ಕಾಯ್ದೆ ಅನಧಿಕೃತ ಕದ್ದಾಲಿಕೆಗೆ ಇನ್ನೂ ಕಠಿಣ ಶಿಕ್ಷೆ ಇಟ್ಟಿದೆ. ಹ್ಯಾಮ್ ಲೈಸೆನ್ಸ್ ಇರುವ ನನಗೂ ರೈಲ್ವೆಯ ಮಾತು ಆಲಿಸುವ ಹಕ್ಕಿಲ್ಲ. ನಮಗೆ ಸಲ್ಲದ ಸಂದೇಶ ಆಕಸ್ಮಿಕವಾಗಿ ಕಿವಿಗೆ ಬಿದ್ದರೂ ಅದನ್ನು ಯಾರಿಗೂ ತಿಳಿಸಕೂಡದೆಂದು ನಮ್ಮ ನಿಯಮಾವಳಿ ಹೇಳುತ್ತದೆ. ಆ ನಿಯಮವನ್ನು ನಾನು ಗೌರವಿಸುತ್ತೇನೆ.

ಆದರೂ ಈ ಉತ್ತರ ನನಗೆ ಪೂರ್ತಿ ಸಮಾಧಾನ ಕೊಡಲಿಲ್ಲ. ನನ್ನ ತಂದೆಯವರ ಕಾಲದಲ್ಲಿ ಮನೆಯಲ್ಲಿ ಆಕಾಶವಾಣಿ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪು ಅಂಟಿಸಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು, ದೇಶಕ್ಕೇನೂ ಆಗಲಿಲ್ಲ. ನೆಬ್ರಾಸ್ಕಾದ ಮಗು ಪರಿಚಯವಿಲ್ಲದ ಚಾಲಕರ ಮಾತನ್ನು ರಾಜಾರೋಷವಾಗಿ ಆಲಿಸಬಹುದು. ಬಳ್ಳಾರಿಯ ಹುಡುಗ ಸ್ವಂತ ಅಪ್ಪನ ಧ್ವನಿ ಕೇಳುವಂತಿಲ್ಲ. ಮಾತನಾಡುವ ಗುಂಡಿಯಿಲ್ಲದ ರಿಸೀವರನ್ನು ಮಕ್ಕಳ ಕೈಗೆ ಕೊಡುವಷ್ಟು ಧೈರ್ಯ ನಮ್ಮ ಕಾನೂನಿಗೂ ಬರಬೇಕು ಎಂದು ನನಗೆ ಬಲವಾಗಿ ಅನ್ನಿಸಿತು.

ಬುಧವಾರ ಡ್ಯೂಟಿ ಮುಗಿಸಿ ಬಂದ ಅವನ ತಂದೆಯ ಮುಂದೆ ಇದನ್ನೇ ಹೇಳಿದೆ. ಮಿತಭಾಷಿ ಮನುಷ್ಯ. ಮಗನನ್ನು ಅಂಗಡಿಗೆ ಕಳಿಸಿ, ಅವನು ಮೆಟ್ಟಿಲಿಳಿಯುವವರೆಗೂ ಕಾದು ಮಾತನಾಡಿದರು.

"ಕಾನೂನು ಹಾಗಿರಲಿ ಸರ್. ಹಳಿಗೆ ಯಾರಾದರೂ ಅಡ್ಡ ಬಂದುಬಿಟ್ಟರೆ ನಾವು ಮೊದಲು ತಿಳಿಸುವುದು ಅದೇ ವಾಕಿ-ಟಾಕಿಯಲ್ಲಿ. ಎಷ್ಟನೇ ಕಿಲೋಮೀಟರ್, ಗಂಡಸೋ ಹೆಂಗಸೋ, ಎಷ್ಟು ಹೊತ್ತಿಗೆ, ಎಲ್ಲ ಹೇಳಬೇಕು. ಹೇಳಿ ಮತ್ತೆ ಗಾಡಿ ನಡೆಸಬೇಕು. ಆ ಹೊತ್ತಿನ ನನ್ನ ಧ್ವನಿ ಇವನ ಕಿವಿಗೆ ಬೀಳಬಾರದು."

ನಾನು ಆಂಟೆನಾದ ಉದ್ದ ಲೆಕ್ಕ ಹಾಕಬಲ್ಲೆ. ನಾಲ್ಕೈದು ಸಾವಿರ ಟನ್ ಕಲ್ಲಿದ್ದಲು ಹೊತ್ತ ಗಾಡಿಗೆ ಬ್ರೇಕ್ ಹಾಕಿ, ಅದು ನಿಲ್ಲುವುದಿಲ್ಲವೆಂದು ಗೊತ್ತಿದ್ದೂ ಎದುರು ನೋಡುತ್ತಾ ಕುಳಿತವರ ಅನುಭವ ನನಗಿಲ್ಲ. ಅವರ ಮಾತಿನಿಂದ ಕಾನೂನಿನ ಬಗೆಗಿನ ನನ್ನ ಅಭಿಪ್ರಾಯವೇನೂ ಬದಲಾಗಲಿಲ್ಲ, ರಿಸೀವರಿಗೆ ಬಿಡುಗಡೆ ಸಿಗಬೇಕೆಂದೇ ಈಗಲೂ ಹೇಳುತ್ತೇನೆ. ಆದರೆ ತನ್ನ ದನಿಯಲ್ಲಿ ಯಾವುದು ಮನೆಗೆ ಬರಬೇಕು, ಯಾವುದು ಬರಬಾರದು ಎಂದು ತೀರ್ಮಾನಿಸುವ ಹಕ್ಕು ಆ ತಂದೆಗಿದೆ. ಆ ಹಕ್ಕಿಗೆ ಕಾಯ್ದೆಯ ಬಲ ಬೇಕಿಲ್ಲ.

ಅಂದು ರಾತ್ರಿಯೇ ನೆಬ್ರಾಸ್ಕಾಕ್ಕೆ ಫೋನ್ ಮಾಡಿ, ಮಗು ಸೆಟ್ ಹಚ್ಚಿದಾಗ ನೀನೂ ಪಕ್ಕದಲ್ಲಿ ಕೂರಬೇಕು, ಇಯರ್‌ಫೋನ್ ಕೊಡಬೇಡ ಎಂದೆ. ಏಕೆಂದು ಕೇಳಿದ, ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಹುಡುಗನಿಗೆ ಬೇರೆ ದಾರಿ ಹುಡುಕಿದ್ದೇನೆ. ನಮ್ಮಲ್ಲಿ 12 ವರ್ಷ ತುಂಬಿದವರು ಹ್ಯಾಮ್ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ಗ್ರೇಡ್ ಎಂಬ ಆರಂಭದ ದರ್ಜೆಗೆ ಮೋರ್ಸ್ ಸಂಕೇತ ಕೂಡ ಬೇಕಿಲ್ಲ. ಲೈಸೆನ್ಸ್ ಬಂದರೆ 145.800 ಮೆಗಾಹರ್ಟ್ಸ್‌ನಲ್ಲಿ ತಲೆಯ ಮೇಲೆ ಹಾದುಹೋಗುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನೇ ಆಲಿಸಬಹುದು ಎಂದಾಗ ಅವನ ಕಣ್ಣರಳಿತು. ಓಮ್‌ನ ನಿಯಮದಿಂದ ಪಾಠ ಶುರುವಾಗಿದೆ. ನಿನ್ನೆ ಅವನ ತಂದೆ ಪುಸ್ತಕ ತಿರುವಿ ನೋಡಿ, ವಯಸ್ಸಿನ ಮೇಲ್ಮಿತಿ ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲವೆಂದೆ. ಡ್ಯೂಟಿಯಲ್ಲಿ ಅಲ್ಲ, ರೆಸ್ಟ್ ಇದ್ದ ದಿನ ಊರ ಹೊರಗಿನ ತಂಗಿಯ ಮನೆಯಿಂದ ಇಲ್ಲಿಗೆ ಮಾತನಾಡಬಹುದೇ, ನಡುವೆ ಗುಡ್ಡ ಅಡ್ಡ ಬರುತ್ತದೆಯೇ ಎಂದು ವಿಚಾರಿಸಿದರು. ಪುಸ್ತಕದ ಇನ್ನೊಂದು ಪ್ರತಿ ತರಿಸುತ್ತಿದ್ದೇನೆ.