'ಆಯ್ತು' ಅಂದ್ರೆ ಆಯ್ತಾ?

ಪಾಟೀಸವಾಲು ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಎದುರು ಪಕ್ಷದ ಹಿರಿಯ ವಕೀಲರು ನಮ್ಮ ನಿಪಿ-2, ಅಂದ್ರೆ ನಾವು ಕೋರ್ಟಿಗೆ ಕೊಟ್ಟ ಎರಡನೇ ದಾಖಲೆಯಾದ ವಾಟ್ಸಾಪ್ ಮೆಸೇಜನ್ನು ಎತ್ತಿ ಹಿಡಿದು, "ಪೂರ್ತಿ ಓದ್ರಿ ಗೌಡ್ರೇ" ಅಂದರು. ಕಟಕಟೆಯಲ್ಲಿದ್ದ ನಮ್ಮ ಕಕ್ಷಿದಾರರು ಕನ್ನಡಕ ಸರಿಮಾಡಿಕೊಂಡು ಓದಿದರು: "ಆಯ್ತು, ತೇವಾಂಶ 14ರೊಳಗಿದ್ರೆ."

ನಾನು ದಾವೆ ಕಟ್ಟಿದ್ದೇ ಆ 'ಆಯ್ತು' ಮೇಲೆ.

ಜಗಳೂರು ಕಡೆಯ ವ್ಯಾಪಾರಿ. 500 ಕ್ವಿಂಟಲ್ ಮೆಕ್ಕೆಜೋಳ, 2,200ರ ರೇಟು, ಮಾತುಕತೆ ಎಲ್ಲಾ ವಾಟ್ಸಾಪ್‌ನಲ್ಲಿ. ಮಾರ್ಕೆಟ್ 1,950ಕ್ಕೆ ಇಳಿದದ್ದೇ ತಡ, ಆ 'ಆಯ್ತು' ಕಳಿಸಿದ್ದ ದಾವಣಗೆರೆಯ ಕೋಳಿ ಆಹಾರದ ಮಿಲ್‌ನವರು ಮಾಲು ಎತ್ತಲಿಲ್ಲ. ಇವರು ಸಿಕ್ಕ ರೇಟಿಗೆ ಬೇರೆಯವರಿಗೆ ಕೊಟ್ಟರು. ನಾವು ಕೇಳಿದ್ದು ವ್ಯತ್ಯಾಸದ 1,25,000.

1872ರ ಕರಾರು ಕಾಯ್ದೆಯ 7ನೇ ಕಲಂ ನನಗೆ ಗೊತ್ತಿರಲಿಲ್ಲವೇ? ಒಪ್ಪಿಗೆ ಷರತ್ತಿಲ್ಲದೆ ಇರಬೇಕು. ಷರತ್ತು ಹಾಕಿದರೆ ಅದು ಒಪ್ಪಿಗೆಯಲ್ಲ, ಹೊಸ ಪ್ರಸ್ತಾಪ. ಪರೀಕ್ಷೆಗೆ ಬರೆದಿದ್ದೇನೆ ಕೂಡ. ಆದರೂ ಟ್ರೈಮೆಕ್ಸ್-ವೇದಾಂತ ತೀರ್ಪಿನ ಮೂರು ಪ್ರಿಂಟ್ ತೆಗೆದು ಜಂಬದಿಂದ ಕೂತಿದ್ದೆ. ಸಹಿ ಹಾಕಿದ ಕರಾರುಪತ್ರ ಇಲ್ಲದಿದ್ದರೂ ಇಮೇಲ್‌ಗಳಲ್ಲೇ ಒಪ್ಪಂದ ಆಗಿದೆ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಕೇಸು. ಅಲ್ಲಿ ಐದು ಹಡಗಿನ ಲೋಡಿಗೆ ಒಪ್ಪಿದ್ದೇವೆ ಎಂದು ನೇರವಾಗಿ ಬರೆದಿದ್ದರು. ನನ್ನ 'ಆಯ್ತು'ಗೆ ಬಾಲ ಇತ್ತು.

"ಇದಕ್ಕೆ ನೀವು ಉತ್ತರ ಕಳಿಸಿದ್ರಾ?"

"ಇಲ್ರೀ, ಫೋನ್ ಮಾಡಿ ಹೇಳಿದ್ದೆ."

ಫೋನಿನ ವಿಷಯ ವಾದಪತ್ರದಲ್ಲೂ ಇಲ್ಲ, ಅಫಿಡವಿಟ್‌ನಲ್ಲೂ ಇಲ್ಲ. ಸ್ಟೆನೋ ಟೈಪ್ ಮಾಡುವ ಸದ್ದು ಮಾತ್ರ. ನಾನು ಫೈಲಿನ ಹಾಳೆ ಸುಮ್ನೆ ತಿರುವುತ್ತಿದ್ದೆ. ಏನೋ ಹುಡುಕುತ್ತಿದ್ದೇನೆ ಅಂತ ಕಾಣಲಿ ಅಂತ.

ಆಗ ಜಡ್ಜ್ ಸಾಹೇಬರೇ ತಲೆಯೆತ್ತಿ ಕೇಳಿದರು: "ಜೋಳ ಯಾರ ಚೀಲಕ್ಕೆ ತುಂಬಿದ್ರಿ?"

"ಮಿಲ್‌ನೋರೇ ಕಳ್ಸಿದ್ರು ಸ್ವಾಮಿ. ಫೋನ್ ಮಾಡಿದ ಮಾರನೇ ದಿನ. ಸಾವಿರ ಖಾಲಿ ಚೀಲ. ಗೇಟ್‌ಪಾಸ್ ಐತಿ."

"ಎಲ್ಲಿ?"

ಗೌಡ್ರು ನನ್ನ ಕಡೆ ನೋಡಿದರು. ಮೊದಲ ದಿನ ಅವರು ಪ್ಲಾಸ್ಟಿಕ್ ಕವರ್ ತುಂಬಾ ಚೀಟಿ ನನ್ನ ಟೇಬಲ್ ಮೇಲೆ ಸುರಿದಿದ್ದರು. ಗೇಟ್‌ಪಾಸ್, ತೂಕದ ಚೀಟಿ, ತೇವಾಂಶ 13.2 ಅಂತ ಬರೆದ ತುಂಡು ಕಾಗದ. "ಇವೆಲ್ಲ ಬೇಡ, ಫೋನ್ ಕೊಡಿ ಸಾಕು" ಅಂದವನು ನಾನೇ.

ಸಂಜೆ ಛೇಂಬರಿನಲ್ಲಿ ಸೀನಿಯರ್ ಮಿರ್ಚಿ ಮುರಿಯುತ್ತಾ, "1930ರ ಸರಕು ಮಾರಾಟ ಕಾಯ್ದೆಯ 5ನೇ ಕಲಂ ಓದು" ಅಂದರು. ಬರಹ, ಬಾಯಿಮಾತು, ನಡವಳಿಕೆ, ಮೂರರಲ್ಲಿ ಯಾವುದರಿಂದಲೂ ಮಾರಾಟದ ಕರಾರು ಆಗಬಹುದು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಆ ಚೀಟಿಗಳನ್ನು ಹೆಚ್ಚುವರಿ ದಾಖಲೆಯಾಗಿ ಸೇರಿಸಲು ಐಎ (ಮಧ್ಯಂತರ ಅರ್ಜಿ) ಹಾಕಿದೆವು. 1,000 ರೂಪಾಯಿ ಕಾಸ್ಟ್ (ಎದುರು ಪಕ್ಷಕ್ಕೆ ಕೊಡುವ ಖರ್ಚು) ಬಿತ್ತು, ನನ್ನ ಜೇಬಿಂದಲೇ ಕೊಟ್ಟೆ.

ತೀರ್ಪು ನಮ್ಮ ಕಡೆಗೇ ಆಯಿತು. ತೇವಾಂಶದ ಷರತ್ತು ಮಿಲ್‌ನವರ ಹೊಸ ಪ್ರಸ್ತಾಪ, ಅವರೇ ಕಳಿಸಿದ ಚೀಲಕ್ಕೆ 13.2ರ ಜೋಳ ತುಂಬಿ ತೂಗಿಸಿದ್ದೇ ಅದಕ್ಕೆ ಒಪ್ಪಿಗೆ ಅಂದಿತು ಕೋರ್ಟು. ನನ್ನ ಟ್ರೈಮೆಕ್ಸ್‌ಗೆ ಅದರಲ್ಲಿ ಒಂದೇ ಸಾಲು.

ಪ್ರತಿ ಕೈಗೆ ಕೊಟ್ಟಾಗ ಗೌಡ್ರು ಕೇಳಿದ್ದು ಒಂದೇ: "ಆ ಸಾವಿರ ಚೀಲ ವಾಪಸ್ ಕೇಳ್ತಾರೇನ್ರೀ?"